ಸುಮಾರು ನಲವತ್ತು ದಿನ

"ಮೊದಲು ಆ ಪೆನ್ನು ಕೆಳಗಿಡಿ!"

ಗ್ರಂಥಾಲಯದ ನೆಲಮಾಳಿಗೆಯಲ್ಲಿ ಯಾರೂ ಅಷ್ಟು ಜೋರಾಗಿ ಮಾತಾಡಿದ್ದಿಲ್ಲ. ಅಕ್ಕಪಕ್ಕದ ಮೂರು ಮೇಜುಗಳಲ್ಲಿದ್ದವರೂ ತಲೆಯೆತ್ತಿ ನೋಡಿದರು.

ಹುಡುಗಿ ಬೆಚ್ಚಿಬಿದ್ದಳು. ಎದುರಿಗೆ ಕೂತ ಹೆಂಗಸು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಪಕ್ಕದಲ್ಲಿ ಆಕೆಯ ಮಗ. ಉಗುರಿನ ಸಂದಿಯಲ್ಲಿ ಎಣ್ಣೆಯ ಕಪ್ಪು, ಹಣೆಯ ಮೇಲೆ ಉಬ್ಬಿದ ನರ, ಕಣ್ಣಲ್ಲಿ ಕೆಂಡ.

"ಅವಳು ಅಳ್ತಿದಾಳೆ. ನೀವು ಅದನ್ನೂ ಬರ್ಕೊಳ್ತಿದೀರಾ?"

"ಅದಲ್ಲ... ಹೇಳಿದ್ದನ್ನೆಲ್ಲ ಬರ್ಕೋಬೇಕು ಅಂತ ನಿಯಮ ಇದೆ."

"ನಿಯಮ!" ಅವನು ನಕ್ಕ. ಆ ನಗುವಿನಲ್ಲಿ ಎಳ್ಳಷ್ಟೂ ನಗು ಇರಲಿಲ್ಲ. "ನಮ್ಮಪ್ಪನ ಸಮೇತ ಅಂಗಡಿ ಸುಟ್ಟವರ ಹತ್ರಾನೂ ಏನೋ ಒಂದು ನಿಯಮ ಇದ್ದಿರಬೇಕು."

ಅವಳ ಕಿವಿ ಕೆಂಪಾಯಿತು. ಪೆನ್ನು ಕೆಳಗಿಟ್ಟಳು. ಎದ್ದು ಹೋಗಿ ಒಂದು ಲೋಟ ನೀರು ತಂದು ತಾಯಿಯ ಮುಂದಿಟ್ಟಳು.

*ಏನು ಮನುಷ್ಯ ಇವನು! ಪುಕ್ಕಟೆ ಸಹಾಯ ಮಾಡೋಕೆ ಕೂತವಳ ಮೇಲೆ ಹೀಗೆ ಹರಿಹಾಯ್ತಾನಲ್ಲ...*

ಹಾಗಂದುಕೊಂಡಳು ನಿಜ. ಆದರೆ ಅವನು ಹೇಳಿದ್ದು ಸರಿ ಎಂಬುದೂ ಅವಳಿಗೆ ಗೊತ್ತಿತ್ತು. ಕಣ್ಣೀರು ಕಂಡಾಗಲೂ ಅವಳ ಕೈ ನಿಂತಿರಲಿಲ್ಲ.

ಅದು ಕಾನೂನು ಕಾಲೇಜಿನವರು ನಡೆಸುತ್ತಿದ್ದ ಉಚಿತ ನೆರವು ಕೇಂದ್ರ. ಬೇರೆ ದೇಶಗಳಿಂದ ಜೀವ ಉಳಿಸಿಕೊಂಡು ಬಂದವರಿಗೆ ಇಲ್ಲಿ ಉಳಿಯಲು ಅರ್ಜಿ ಬರೆದುಕೊಡುವ ಜಾಗ. ಪ್ರತಿ ಶನಿವಾರ ನಾಲ್ಕು ಮೇಜು, ನಾಲ್ವರು ಕೊನೇ ವರ್ಷದ ವಿದ್ಯಾರ್ಥಿಗಳು, ಅವರ ಮೇಲೆ ಒಬ್ಬ ಮೇಡಂ. ನಮ್ಮ ಹುಡುಗಿಯದು ಮೂರನೇ ಮೇಜು. "ನಿನ್ನ ಫೈಲಿನಲ್ಲಿ ಒಂದೇ ಒಂದು ಖಾಲಿ ಜಾಗ ಇರಲ್ಲ ನೋಡು," ಎಂದು ಮೇಡಂ ಎಲ್ಲರೆದುರು ಹೊಗಳುತ್ತಿದ್ದರು. ಹೊಗಳಿಕೆ ಕೇಳಿದ ದಿನ ಅವಳು ಬಸ್ಸಿನಲ್ಲಿ ಕೂತು ಒಬ್ಬಳೇ ಮುಗುಳ್ನಗುತ್ತಿದ್ದಳು.

ಆ ಹೊಗಳಿಕೆಯೇ ಮುಂದೆ ಒಂದು ಮನೆಯನ್ನು ಮುರಿಯಿತು. ಅದನ್ನು ಆಮೇಲೆ ಹೇಳುತ್ತೇನೆ.

ಮಗ ಮೂರು ವರ್ಷದಿಂದ ಇಲ್ಲೇ ಇದ್ದ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರಗಳ ಮೆಕ್ಯಾನಿಕ್. ಅವನಿಗೆ ಕೆಲಸದ ಪರವಾನಗಿ ಇತ್ತು, ಊರಿನ ಭಾಷೆಯೂ ಬರುತ್ತಿತ್ತು. ತಾಯಿ ಬಂದು ಎಂಟು ತಿಂಗಳಷ್ಟೇ. ಗಂಡ ದರ್ಜಿ. ಒಂದು ಪಕ್ಷಕ್ಕೆ ಬಾವುಟ ಹೊಲಿದುಕೊಟ್ಟ ಎಂಬ ಕಾರಣಕ್ಕೆ ಇನ್ನೊಂದು ಪಕ್ಷದವರು ಅವನನ್ನು ಒಳಗೆ ಕೂಡಿಹಾಕಿ ಅಂಗಡಿಗೆ ಬೆಂಕಿ ಇಟ್ಟಿದ್ದರು. ತಾಯಿ ತನ್ನ ಭಾಷೆಯಲ್ಲಿ ಹೇಳುತ್ತಿದ್ದಳು, ಮಗ ಅನುವಾದಿಸುತ್ತಿದ್ದ, ಹುಡುಗಿ ಬರೆಯುತ್ತಿದ್ದಳು.

"ಇದು ನಡೆದಿದ್ದು ಯಾವತ್ತು?" ಹುಡುಗಿ ಮೆಲ್ಲಗೆ ಕೇಳಿದಳು.

ತಾಯಿ ತಲೆಯಾಡಿಸಿದಳು. ಏನೋ ಹೇಳಿದಳು.

"ತಾರೀಕು ಗೊತ್ತಿಲ್ಲ ಅಂತಾಳೆ," ಎಂದ ಮಗ. "ಚಳಿ ಇನ್ನೂ ಬಿಟ್ಟಿರಲಿಲ್ಲವಂತೆ. ಅದಾಗಿ ಸುಮಾರು ನಲವತ್ತು ದಿನಕ್ಕೆ ಗಡಿ ದಾಟಿದಳು. ಸುಮಾರು ಅಂತಾನೇ ಬರ್ಕೊಳ್ಳಿ. ಆ ದಿನಗಳನ್ನ ಅವಳು ಎಣಿಸಿಲ್ಲ."

"ಆಯ್ತು."

"ಅಂದಾಜು. ಬರೆದ್ರಾ?"

"ಆಯ್ತು ಅಂದ್ನಲ್ಲ! ನಾನೇನು ಕಿವುಡಿಯಾ?"

ಅವನು ಮೊದಲ ಸಲ ಸರಿಯಾಗಿ ಅವಳ ಮುಖ ನೋಡಿದ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಹುಡುಗಿ! ತುಟಿಯ ಅಂಚಿನಲ್ಲಿ ಬಂದ ನಗುವನ್ನು ಅವನು ಅಲ್ಲೇ ತಡೆದ.

"ಸರಿ ವಕೀಲಮ್ಮಾ."

"ಇನ್ನೂ ವಕೀಲೆ ಆಗಿಲ್ಲ."

"ಬೈಯೋದು ಮಾತ್ರ ಆಗಲೇ ಬಂದಿದೆ."

*

ಆರು ಶನಿವಾರ.

ಎರಡನೇ ಶನಿವಾರ ಅವನು ಜಗಳ ಮಾಡಲಿಲ್ಲ. ಮೂರನೆಯದರಂದು ಕೇಂದ್ರದ ಹಳೇ ಸ್ಟೇಪ್ಲರ್ ಕೆಟ್ಟಿತು. ಅವನು ಜೇಬಿನಿಂದ ಪುಟ್ಟ ಸ್ಕ್ರೂಡ್ರೈವರ್ ತೆಗೆದು ಬಿಚ್ಚಿ, ಸ್ಪ್ರಿಂಗ್ ಎಳೆದು, ಎರಡು ನಿಮಿಷದಲ್ಲಿ ಸರಿ ಮಾಡಿಕೊಟ್ಟ.

"ಎಲ್ಲಿಗೆ ಹೋದ್ರೂ ಸ್ಕ್ರೂಡ್ರೈವರ್ ಇಟ್ಕೊಂಡೇ ಹೋಗ್ತೀರಾ?"

"ನೀವು ಎಲ್ಲಿಗೆ ಹೋದ್ರೂ ಕೋಪ ಇಟ್ಕೊಂಡೇ ಹೋಗಲ್ವಾ, ಹಾಗೆ."

ಅವಳಿಗೆ ನಗು ತಡೆಯಲಾಗಲಿಲ್ಲ. ಆ ನಗು ಕಂಡು ತಾಯಿಯೂ ನಕ್ಕಳು. ಬಂದ ದಿನದಿಂದ ಆಕೆ ನಕ್ಕಿದ್ದು ಅದೇ ಮೊದಲು.

ತಾಯಿಯ ಕಣ್ಣು ಇನ್ನೊಂದು ಕಡೆ ಇತ್ತು. ಹುಡುಗಿಯ ಕುರ್ಚಿಯ ಬೆನ್ನಿಗೆ ನೇತಾಡುತ್ತಿದ್ದ ಕರಿ ಕೋಟಿನ ಮೇಲೆ.

ಅದು ಅವಳ ಅಪ್ಪ ತಂದ ಕೋಟು. ಅಪ್ಪ ನ್ಯಾಯಾಲಯದ ಕಟ್ಟಡದಲ್ಲಿ ಲಿಫ್ಟ್ ಆಪರೇಟರ್. ಮೂವತ್ತು ವರ್ಷ ಕರಿ ಕೋಟಿನವರನ್ನು ಮೇಲೆ ಕೆಳಗೆ ಸಾಗಿಸಿದ ಮನುಷ್ಯ. ನಿವೃತ್ತರಾದ ಮುದಿ ವಕೀಲರೊಬ್ಬರು ಕೊಟ್ಟಿದ್ದನ್ನು ಎರಡು ಕೈಯಲ್ಲಿ ಹಿಡಿದು ಮನೆಗೆ ತಂದಿದ್ದರು. "ಒಂದಿನ ನೀನು ಇದನ್ನ ಹಾಕ್ಕೊಂಡು ನನ್ನ ಲಿಫ್ಟ್ ಹತ್ತಬೇಕು ಪುಟ್ಟಿ. 'ಯಾವ ಮಹಡಿ ಮೇಡಂ?' ಅಂತ ಕೇಳಬೇಕು ನಾನು." ಅವಳ ವಕೀಲಿ ಸನ್ನದು ತಗುಲಿಸಲು ಗೋಡೆಗೆ ಆಗಲೇ ಮೊಳೆ ಹೊಡೆದಿದ್ದರು.

ಕೋಟಿನ ತೋಳು ಮಾತ್ರ ಅವಳ ಬೆರಳ ತುದಿಯವರೆಗೂ ಬರುತ್ತಿತ್ತು.

ನಾಲ್ಕನೇ ಶನಿವಾರ ತಾಯಿ ತಡೆಯಲಾರದೆ ಎದ್ದು ಬಂದಳು. ಹುಡುಗಿಗೆ ಕೋಟು ತೊಡಿಸಿ, ಸೆರಗಿನಲ್ಲಿದ್ದ ಗುಂಡುಸೂಜಿ ತೆಗೆದು ತೋಳು ಮಡಚಿ ಗುರುತು ಮಾಡಿದಳು.

"ಅಯ್ಯೋ ಬೇಡ! ಇಲ್ಲಿಗೆ ಬರೋರಿಂದ ನಾವು ಏನೂ ತಗೋಬಾರದು. ಕೇಸು ಮುಗಿಯೋವರೆಗೂ..."

ಮಗ ಅನುವಾದಿಸಿದ. ತಾಯಿ ಕೈ ಬೀಸಿ ಏನೋ ಅಂದಳು.

"ಕೇಸು ಮುಗಿದ ದಿನಾನೇ ಕೊಡ್ತಾಳಂತೆ. ಅಲ್ಲಿವರೆಗೂ ಕೋಟು ಅವಳ ಹತ್ರ ಇರ್ಲಿ. ನಿಯಮಾನೂ ಉಳೀತು, ತೋಳೂ ಸರಿ ಆಯ್ತು," ಎಂದು ಹೇಳಿ ಅವನು ದನಿ ತಗ್ಗಿಸಿದ. "ನಮ್ಮಮ್ಮನ ಮುಂದೆ ವಕೀಲಿಕೆ ನಡೆಯಲ್ಲ ವಕೀಲಮ್ಮಾ."

ನಿಯಮ ಇನ್ನೂ ಒಂದಿತ್ತು. ಕೇಸು ನಡೆಯುವಷ್ಟು ದಿನ ಅರ್ಜಿದಾರರ ಮನೆಯವರೊಂದಿಗೆ ಹೊರಗೆ ಒಡನಾಟ ಕೂಡದು. ಆದರೆ ಇಬ್ಬರ ಬಸ್ಸೂ ಒಂದೇ ನಂಬರ್ ಆದರೆ ಏನು ಮಾಡುವುದು, ನೀವೇ ಹೇಳಿ! ಅವಳು ಕಿಟಕಿಯ ಪಕ್ಕ ಕೂರುತ್ತಿದ್ದಳು. ಅವನು ತಾಯಿಯೊಂದಿಗೆ ಸರಿಯಾಗಿ ಹಿಂದಿನ ಸೀಟಿನಲ್ಲಿ. ತಿರುಗಿ ನೋಡದೆ ಮಾತು ಸಾಗುತ್ತಿತ್ತು.

"ಇದು ಒಡನಾಟ ಅಲ್ಲ ತಾನೆ?"

"ಅಲ್ಲ. ನಾನು ಕಿಟಕಿ ಜೊತೆ ಮಾತಾಡ್ತಿದೀನಿ."

"ಕಿಟಕಿಗೆ ಹೇಳಿ, ಅದು ಇವತ್ತು ಚೆನ್ನಾಗಿ ಕಾಣ್ತಿದೆ ಅಂತ."

ಅವಳ ಎದೆ ಹಕ್ಕಿಯಂತೆ ಪಟಪಟ ಬಡಿದುಕೊಂಡಿತು. *ಕೇಸು ಬೇಗ ಮುಗೀಲಿ ದೇವರೇ... ಗೆದ್ದು ಮುಗೀಲಿ. ಆವಾಗ ಇವನು ಪಕ್ಕದ ಸೀಟಿಗೆ ಬರ್ತಾನೆ.*

ಪ್ರೀತಿಯಾಗಿತ್ತು. ಸುತ್ತಿ ಬಳಸಿ ಹೇಳುವುದೇನಿದೆ? ಇಬ್ಬರಿಗೂ ಆಗಿತ್ತು. ಇಬ್ಬರೂ ಬಾಯಿಬಿಟ್ಟಿರಲಿಲ್ಲ.

*

ಆರನೇ ಶನಿವಾರ ಹೇಳಿಕೆ ಸಿದ್ಧವಾಯಿತು. ಹುಡುಗಿ ಒಂದೊಂದೇ ವಾಕ್ಯ ಓದಿದಳು. ಮಗ ತಾಯಿಗೆ ಅದನ್ನು ಹೇಳಿದ. ತಾಯಿ ಹೂಂ ಎನ್ನುತ್ತಾ ಕೊನೇ ಹಾಳೆಗೆ ಸಹಿ ಹಾಕಿದಳು. ಆ ಹೇಳಿಕೆಯಲ್ಲಿ "ಚಳಿಗಾಲದ ಕೊನೆಗೆ, ಗಡಿ ದಾಟುವ ಸುಮಾರು ನಲವತ್ತು ದಿನ ಮೊದಲು" ಎಂದೇ ಇತ್ತು.

ಗುರುವಾರ ಅವಳು ಅರ್ಜಿಯನ್ನು ಕಂಪ್ಯೂಟರಿಗೆ ಏರಿಸಲು ಕೂತಳು. ಆ ವಾರ ಅವಳ ತಲೆಯ ಮೇಲೆ ಹನ್ನೊಂದು ಫೈಲು. ಪರೀಕ್ಷೆ ಬೇರೆ. ಅರ್ಜಿಯಲ್ಲಿ "ಘಟನೆ ನಡೆದ ದಿನಾಂಕ" ಎಂದು ಒಂದು ಚೌಕ ಇತ್ತು. ಅದನ್ನು ಖಾಲಿ ಬಿಟ್ಟರೆ ಕೆಂಪು ಅಕ್ಷರ ಹೊಳೆಯುತ್ತಿತ್ತು. ಮುಂದಿನ ಪುಟ ತೆರೆಯುತ್ತಿರಲಿಲ್ಲ.

ಮೇಡಂಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು. "ದಿನಾಂಕ ಗೊತ್ತಿಲ್ಲ" ಎಂದು ಬರೆಯಲು ಬೇರೊಂದು ದಾರಿ ಇತ್ತು. ಅವಳು ಮಾಡಲಿಲ್ಲ. ಗಡಿಯ ಮುದ್ರೆಯ ಮೇಲಿದ್ದ ಏಪ್ರಿಲ್ ಹದಿನಾಲ್ಕರಿಂದ ಹಿಂದಕ್ಕೆ ನಲವತ್ತು ಎಣಿಸಿದಳು. ಮಾರ್ಚ್ ಐದು! ಚೌಕ ತುಂಬಿತು. ಅರ್ಜಿಯಲ್ಲೊಂದು ಹೇಳಿಕೆಯಲ್ಲೊಂದು ಇರಬಾರದಲ್ಲ ಎಂದು ಹೇಳಿಕೆಯಲ್ಲೂ "ಮಾರ್ಚ್ 5ರಂದು" ಎಂದು ತಿದ್ದಿದಳು. ಕೊನೇ ಹಾಳೆಯಲ್ಲಿ ತಾಯಿಯ ಸಹಿ ಹೇಗೂ ಇತ್ತು.

ಬದಲಾದ ಸಾಲನ್ನು ಮತ್ತೆ ಓದಿ ಹೇಳಬೇಕು ಎಂಬುದು ಕೇಂದ್ರದ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿತ್ತು. ಒಂದು ತಾರೀಕು ತಾನೆ, ಅಂದುಕೊಂಡಳು.

ಒಂದು ತಾರೀಕು ತಾನೆ!

ವಲಸೆ ಕಚೇರಿಯ ಸಂದರ್ಶನಕ್ಕೆ ತಾಯಿ ಒಬ್ಬಳೇ ಒಳಗೆ ಹೋಗಬೇಕಿತ್ತು. ಅಲ್ಲಿ ಅನುವಾದಕ್ಕೆ ಕಚೇರಿಯದೇ ಮನುಷ್ಯ. ಅಧಿಕಾರಿ ಕೇಳಿದ, "ಯಾವತ್ತು ನಡೆದಿದ್ದು?" ತಾಯಿ ಅಂದಳು, "ಗೊತ್ತಿಲ್ಲ ಸ್ವಾಮಿ, ಚಳಿ ಇತ್ತು." ಅಧಿಕಾರಿ ಹಾಳೆ ತಿರುಗಿಸಿ ತೋರಿಸಿದ. "ಇಲ್ಲಿ ಮಾರ್ಚ್ ಐದು ಅಂತ ನೀವೇ ಸಹಿ ಮಾಡಿದ್ದೀರಿ. ಆ ಮಾರುಕಟ್ಟೆ ಸುಟ್ಟಿದ್ದು ಫೆಬ್ರವರಿ ಮೂರನೇ ವಾರ ಅಂತ ನಮ್ಮ ದಾಖಲೆ ಹೇಳುತ್ತೆ." ತಾಯಿ ಅಂದಳು, "ನಾನು ಹಾಗೆ ಹೇಳಿಲ್ಲ." ಅಧಿಕಾರಿ ಬರೆದುಕೊಂಡ.

ಮೂರು ವಾರದ ನಂತರ ಪತ್ರ ಬಂತು. *ಅರ್ಜಿದಾರರ ಹೇಳಿಕೆ ನಂಬಲರ್ಹವಲ್ಲ.* ಮೂವತ್ತು ದಿನದಲ್ಲಿ ದೇಶ ಬಿಡಬೇಕು.

*

ಮೇಡಂ ಕೋಣೆಯಲ್ಲಿ ಮೂವರೇ: ಮೇಡಂ, ಹುಡುಗಿ, ಮಗ. ಮೇಡಂ ಪತ್ರವನ್ನು ಮೇಜಿನ ಮೇಲಿಟ್ಟರು.

"ಈ ಮಾರ್ಚ್ ಐದು ಎಲ್ಲಿಂದ ಬಂತು?"

"ಅವರು ಹೇಳಿದ್ದನ್ನೇ ಬರೆದಿದೀನಿ ಮೇಡಂ."

"ಆಕೆ ಹೇಳಿಲ್ಲ ಅಂತಿದಾರಲ್ಲ?"

"ಅನುವಾದದಲ್ಲಿ... ಏನಾದ್ರೂ ಹೆಚ್ಚುಕಮ್ಮಿ ಆಗಿರಬಹುದು."

ಅವಳು ಸುಳ್ಳು ಹೇಳಲಿಲ್ಲ. ಆ ಗುರುವಾರ ಮಾಡಿದ್ದು ಅವಳಿಗೆ ನಿಜವಾಗಿಯೂ ನೆನಪಿರಲಿಲ್ಲ. ಹನ್ನೊಂದು ಫೈಲಿನ ನಡುವೆ ಕರಗಿಹೋಗಿತ್ತು. ಆದರೆ ಅವಳ ನೋಟ್‌ಬುಕ್ ಪಕ್ಕದ ಕಪಾಟಿನಲ್ಲೇ ಇತ್ತು. ನಾಲ್ಕು ಹೆಜ್ಜೆ. ತೆರೆದು ನೋಡಬಹುದಿತ್ತು. ನೋಡಲಿಲ್ಲ. ಇದಕ್ಕೆ ನಾನು ಅವಳನ್ನು ಇವತ್ತಿಗೂ ಕ್ಷಮಿಸಿಲ್ಲ.

ಅವನು ಅವಳನ್ನೇ ನೋಡಿದ. ಕೋಪ ಬರುತ್ತದೆ ಎಂದು ಅವಳು ಕಾದಳು. ಬರಲಿಲ್ಲ.

"ನಾನಾ?" ಎಂದ. ದನಿ ಎಲ್ಲೋ ಆಳದಿಂದ ಬಂತು. "ನಾನೇ ಏನಾದ್ರೂ ತಪ್ಪಾಗಿ... ಅಪ್ಪನ ವಿಷಯ ಹೇಳ್ತಿದ್ದಾಗ ನನ್ನ ತಲೆ ಸರಿ ಇರ್ಲಿಲ್ಲ. ಇರಬಹುದು. ನಾನೇ ಇರಬಹುದು..."

"ಹಾಗಲ್ಲ, ನಾನು ಹೇಳಿದ್ದು..."

"ಪರವಾಗಿಲ್ಲ."

ಅವನು ಎದ್ದು ಹೋದ. ಮೇಡಂ ಮೇಲ್ಮನವಿ ಹಾಕಿದರು. ಅದೂ ಅದೇ ಕಾರಣಕ್ಕೆ ಎರಡೇ ವಾರದಲ್ಲಿ ಬಿದ್ದುಹೋಯಿತು. ತಾಯಿ ಬೇರೊಂದು ದೇಶದಲ್ಲಿದ್ದ ತಂಗಿಯ ಮನೆಗೆ ಹೊರಟುಹೋದಳು. ಅಲ್ಲೂ ಆರು ತಿಂಗಳಿಗೊಮ್ಮೆ ಅನುಮತಿ ಬೇಡಬೇಕು. ಅಲ್ಲೂ ಅವಳದು ಅಂತ ಒಂದು ಮೂಲೆ ಇಲ್ಲ.

ಮರುದಿನ ಹುಡುಗಿಯ ಮೇಜಿನ ಮೇಲೆ ಕಾಗದದಲ್ಲಿ ಸುತ್ತಿದ ಕರಿ ಕೋಟು ಇತ್ತು. ಕೇಸು ಮುಗಿದಿತ್ತಲ್ಲ! ತಾಯಿ ಮಾತು ಉಳಿಸಿಕೊಂಡಿದ್ದಳು. ತೋಳು ಸರಿಯಾಗಿ ಮಣಿಕಟ್ಟಿಗೆ ನಿಂತಿತ್ತು. ಹೊಲಿಗೆ ಎಲ್ಲಿ ಹಾಕಿದ್ದಾಳೆ ಎಂದು ಬೆಳಕಿಗೆ ಹಿಡಿದರೂ ಕಾಣುತ್ತಿರಲಿಲ್ಲ.

ಬಸ್ಸಿನ ಹಿಂದಿನ ಸೀಟಿನಲ್ಲಿ ಮತ್ತೆ ಅವನು ಕಾಣಿಸಲಿಲ್ಲ. ಅವಳು ತಿರುಗಿ ತಿರುಗಿ ನೋಡಿದಳು. ಬೇರೆ ಯಾರೋ ಕೂತಿರುತ್ತಿದ್ದರು.

*

ಐದು ತಿಂಗಳಾದ ಮೇಲೆ, ವರ್ಷದ ಕೊನೆಗೆ, ನೋಟ್‌ಬುಕ್‌ಗಳಿಗೆ ನಂಬರ್ ಹಾಕಿ ಪೆಟ್ಟಿಗೆಗೆ ತುಂಬುವ ಕೆಲಸ ಬಂತು. ಅವಳು ನೆಲದ ಮೇಲೆ ಕೂತು ಒಂದೊಂದೇ ಪುಟ ತಿರುಗಿಸುತ್ತಿದ್ದಳು.

ಅವಳದೇ ಅಕ್ಷರ.

*"ಸುಮಾರು 40 ದಿನ. ಅಂದಾಜು ಎಂದೇ ಬರೆಯಬೇಕೆಂದು ಮಗ ಎರಡು ಸಲ ಹೇಳಿದರು."*

ಅದರ ಕೆಳಗೆ ಪೆನ್ಸಿಲಿನಲ್ಲಿ ಪುಟ್ಟ ಲೆಕ್ಕ. ಏಪ್ರಿಲ್ 14, ಹಿಂದಕ್ಕೆ 40. ಮಾರ್ಚ್ 5. ಸುತ್ತಲೂ ಒಂದು ವೃತ್ತ. ಅದೂ ಅವಳದೇ.

ಗುರುವಾರ ಪೂರ್ತಿ ನೆನಪಾಯಿತು. ಕೆಂಪು ಅಕ್ಷರ, ಚೌಕ, ತುಂಬಿದಾಗ ಆದ ಸಣ್ಣ ಸಮಾಧಾನ...

*ಎರಡು ಸಲ ಹೇಳಿದ್ದ. ಎರಡು ಸಲ! ನಾನು ಅವನನ್ನೇ ತೋರಿಸಿದೆ.*

ಅವಳು ಅಲ್ಲೇ ಬಾಯಿಗೆ ಕೈ ಅಡ್ಡ ಹಿಡಿದು ಅತ್ತಳು. ಆಮೇಲೆ ಮುಖ ತೊಳೆದು ನೋಟ್‌ಬುಕ್ ಹಿಡಿದು ಮೇಡಂ ಹತ್ತಿರ ಹೋದಳು.

ಮೇಡಂ ಓದಿ ಕನ್ನಡಕ ತೆಗೆದರು.

"ತಪ್ಪು ನಂದು ಅಂತ ನೀನು ಅಫಿಡವಿಟ್ ಬರೆದುಕೊಟ್ರೆ ಕೇಸು ಮತ್ತೆ ತೆರೀಬಹುದು. ಬೇರೆ ದಾರಿ ಇಲ್ಲ. ಓದಿ ಹೇಳದೆ ಹೇಳಿಕೆ ತಿದ್ದಿದೆ, ಸಹಿ ಹಳೇದೇ ಇಟ್ಟೆ. ಇದನ್ನ ವಕೀಲರ ಪರಿಷತ್ತು ಸುಮ್ನೆ ಬಿಡಲ್ಲ. ನಿನ್ನ ಸನ್ನದು ನಿಲ್ಲಿಸ್ತಾರೆ. ಒಂದು ವರ್ಷವೋ, ಎರಡೋ... ಕೊಡದೇನೂ ಇರಬಹುದು."

"ಹೂಂ ಮೇಡಂ."

"ನಾನೂ ಪರಿಶೀಲಿಸಬೇಕಿತ್ತು. ನಂದೂ ತಪ್ಪಿದೆ, ಅದನ್ನ ನಾನು ಬರೀತೀನಿ. ಆದ್ರೆ ನೀನು ಬರಿ ಅಂತ ಹೇಳೋ ಹಕ್ಕು ನನಗಿಲ್ಲ."

"ನೀವು ಹೇಳೋದು ಬೇಡ ಮೇಡಂ. ಕಾಗದ ಕೊಡಿ."

ಮನೆಯಲ್ಲಿ ಅಪ್ಪ ಎಲ್ಲ ಕೇಳಿಸಿಕೊಂಡರು. ಗೋಡೆಯ ಮೊಳೆಯನ್ನೇ ನೋಡುತ್ತಾ ಕೂತರು.

"ಅಪ್ಪಾ... ಬೈದುಬಿಡಿ."

"ಯಾಕೆ ಬೈಲಿ? ಮೊಳೆ ಇರಲಿ ಬಿಡು ಪುಟ್ಟಿ." ಅಪ್ಪ ಎದ್ದು ಕೋಟನ್ನು ತಂದು ಮೊಳೆಗೆ ತಗುಲಿಸಿದರು. "ಇದಾದ್ರೂ ನೇತಾಡ್ಲಿ."

ಹೇಳಿ ಮುಖ ತಿರುಗಿಸಿ ಒಳಗೆ ಹೋದರು. ಅಡುಗೆಮನೆಯಲ್ಲಿ ನಲ್ಲಿ ಸುಮ್ಮನೆ ಹರಿಯುವ ಸದ್ದು ಬಹಳ ಹೊತ್ತು ಕೇಳಿಸಿತು.

*

ಕಾರ್ಖಾನೆಯಲ್ಲಿ ಅವನು ಒಂದು ಯಂತ್ರವನ್ನು ಬುಡಮೇಲು ಮಾಡಿ ಬೆಲ್ಟ್ ಬದಲಿಸುತ್ತಿದ್ದ. ಸುತ್ತ ನೂರು ಯಂತ್ರಗಳ ಗದ್ದಲ. ಅವಳನ್ನು ಕಂಡು ಎದ್ದು ನಿಂತ. ಆ ಒಂದು ಕ್ಷಣ ಅವನ ಮುಖ ಅರಳಿತು. ಅದನ್ನು ನೋಡಿಯೇ ಅವಳಿಗೆ ಮಾತು ಇನ್ನೂ ಕಷ್ಟವಾಯಿತು.

ಎಲ್ಲ ಹೇಳಿದಳು. ಗದ್ದಲದಲ್ಲಿ ಎರಡೆರಡು ಸಲ ಹೇಳಬೇಕಾಯಿತು. ಮಾಡಿದ ತಪ್ಪನ್ನು ಕೂಗಿ ಹೇಳುವುದು ಎಂಥ ಶಿಕ್ಷೆ!

ಅವನ ಮುಖ ಮೆಲ್ಲಗೆ ಮುಚ್ಚಿಕೊಂಡಿತು.

"ಐದು ತಿಂಗಳು," ಎಂದ. "ಫೋನ್ ಮಾಡಿದಾಗಲೆಲ್ಲ ನಾನು ನಮ್ಮಮ್ಮನ ಹತ್ರ ಕ್ಷಮೆ ಕೇಳ್ತಿದ್ದೆ, ಗೊತ್ತಾ? ಅವಳು ಪ್ರತಿ ಸಲ, 'ಇರಲಿ ಮಗಾ, ನೀನಿನ್ನೂ ಚಿಕ್ಕೋನು' ಅಂತಿದ್ಲು. ನನಗೆ ಮೂವತ್ತು ವರ್ಷ. ಚಿಕ್ಕೋನಂತೆ."

"ನನ್ನನ್ನ ಕ್ಷಮಿಸಿ ಅಂತ ಕೇಳೋಕೆ ಬಂದಿಲ್ಲ..."

"ಒಳ್ಳೇದಾಯ್ತು."

"ಅಫಿಡವಿಟ್ ಕೊಟ್ಟಿದೀನಿ. ಇದು ಅದರ ಪ್ರತಿ. ನಿಮ್ಮ ಹೆಸರಿಗೆ ಅಂಟಿದ್ದು ಹೋಗಬೇಕು. ಅಮ್ಮ ವಾಪಸ್ ಬರಬಹುದು..."

"ಕೆಟ್ಟ ಯಂತ್ರ ಕಂಡ್ರೆ ನನಗೆ ಸಿಟ್ಟು ಬರಲ್ಲ ವಕೀಲಮ್ಮಾ. ಯಾವುದು ಕೆಟ್ಟಿದೆ ಅಂತ ನೋಡ್ತೀನಿ. ನೀವು ನೋಡಲೂ ಇಲ್ಲ. ನನ್ನ ಕಡೆ ಕೈ ತೋರಿಸಿದ್ರಿ." ಅವನ ಕಣ್ಣು ತುಂಬಿತ್ತು. "ನಾನು ನಿಮ್ಮನ್ನ ಅಷ್ಟು ನಂಬಿದ್ದೆ. ಅಮ್ಮ ಸುಳ್ಳು ಹೇಳಲ್ಲ, ನೀವೂ ತಪ್ಪು ಬರೆಯಲ್ಲ, ಹಾಗಾದ್ರೆ ಉಳಿದಿದ್ದು ನಾನೊಬ್ಬನೇ ಅಂತ ನಂಬಿಬಿಟ್ಟೆ. ಹೋಗಿ ಇಲ್ಲಿಂದ."

ಅವಳು ಪ್ರತಿಯನ್ನು ಯಂತ್ರದ ಪಕ್ಕ ಇಟ್ಟಳು. ಹೋದಳು.

*

ಸನ್ನದು ಬರಲಿಲ್ಲ. ಪರಿಷತ್ತು ಎರಡು ವರ್ಷ ತಡೆಹಿಡಿಯಿತು. ಜೊತೆಗೆ ಓದಿದವರೆಲ್ಲ ಕರಿ ಕೋಟು ತೊಟ್ಟು ಅಪ್ಪನ ಲಿಫ್ಟ್ ಹತ್ತಿದರು. ಅವಳು ನ್ಯಾಯಾಲಯದ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಬೇರೆಯವರ ಕಾಗದಗಳಲ್ಲಿ "ಸುಮಾರು" ಎಂಬ ಪದ ಕಂಡಾಗಲೆಲ್ಲ ಬೆರಳು ಅಲ್ಲಿ ಒಂದು ಕ್ಷಣ ನಿಲ್ಲುತ್ತಿತ್ತು.

ಹದಿಮೂರು ತಿಂಗಳು ಕಳೆಯಿತು. ಒಂದು ಮಧ್ಯಾಹ್ನ ಕೌಂಟರಿನ ಮೇಲೆ ಯಾರೋ ಪತ್ರ ಇಟ್ಟರು. ಉಗುರಿನ ಸಂದಿಯಲ್ಲಿ ಎಣ್ಣೆಯ ಕಪ್ಪು.

ಅವಳು ತಲೆಯೆತ್ತಲು ಹೆದರಿದಳು.

"ಒಂದು ಕಾಪಿ," ಎಂದ ಅವನು. "ಓದಿ ಕಾಪಿ ಮಾಡಿ."

ವಲಸೆ ಕಚೇರಿಯ ಪತ್ರ. ಹಿಂದಿನ ತೀರ್ಮಾನ ರದ್ದು. ತಪ್ಪು ವಿದ್ಯಾರ್ಥಿಯದು, ಅರ್ಜಿದಾರರದಲ್ಲ. ಅರ್ಜಿದಾರರು ಮರಳಿ ಬಂದು ಹೊಸದಾಗಿ ಹೇಳಿಕೆ ನೀಡಬಹುದು.

"ಗೆದ್ವಿ!" ಅವಳ ಬಾಯಿಂದ ಹಾರಿಹೋಯಿತು. ನಾಲಿಗೆ ಕಚ್ಚಿಕೊಂಡಳು. "ಅಮ್ಮ ಯಾವಾಗ ಬರ್ತಾರೆ?"

"ಬರಲ್ಲ."

"ಏನು?"

ಅವನು ಫೋನ್ ತೆಗೆದು ಡಯಲ್ ಮಾಡಿ ಅವಳ ಮುಂದೆ ಹಿಡಿದ. ಪರದೆಯ ಮೇಲೆ ತಾಯಿಯ ಮುಖ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ತಾಯಿ ಮಾತಾಡಿದಳು. ಮಗ ಒಂದೊಂದೇ ವಾಕ್ಯ ಅನುವಾದಿಸಿದ, ಅದೇ ನೆಲಮಾಳಿಗೆಯಲ್ಲಿ ಮಾಡುತ್ತಿದ್ದ ಹಾಗೆ.

"ಇನ್ನೊಂದು ಸಲ ಆ ಮೇಜಿನ ಮುಂದೆ ಕೂತು, ನನ್ನ ಗಂಡ ಹೇಗೆ ಸತ್ತ ಅಂತ ಹೇಳೋ ಶಕ್ತಿ ನನಗಿಲ್ಲ ಅಂತಿದಾಳೆ. ಒಂದು ಸಲ ನಿನಗೆ ಹೇಳಿದೆ. ಒಂದು ಸಲ ಅವರಿಗೆ ಹೇಳಿದೆ. ಸಾಕು... ಅಂತಾಳೆ."

ಹುಡುಗಿಯ ಕಣ್ಣು ತುಂಬಿ ಹರಿಯಿತು. ಅಷ್ಟೆಲ್ಲ ಕೊಟ್ಟು ತಿದ್ದಿದ ತಪ್ಪು, ತಿದ್ದಿದರೂ ತಿದ್ದದೆ ಉಳಿದಿತ್ತು. ಬಾಗಿಲು ತೆರೆದಾಗ ಒಳಗೆ ಬರುವವರೇ ದಣಿದಿದ್ದರು.

"ನನ್ನದೇ ತಪ್ಪು ಅಮ್ಮಾ," ಎಂದಳು. ಅವನು ಅದನ್ನು ತಾಯಿಗೆ ಹೇಳಿದ.

ತಾಯಿ ಪರದೆಯ ಹತ್ತಿರ ಬಂದು ಅವಳನ್ನು ದಿಟ್ಟಿಸಿದಳು. ಏನೋ ಕೇಳಿದಳು.

ಅವನು ಅನುವಾದಿಸಲು ಸ್ವಲ್ಪ ತಡೆದ. "ಹೌದು, ನಿಂದೇ ತಪ್ಪು ಅಂತಿದಾಳೆ. ಆಮೇಲೆ... ಕೋಟಿನ ತೋಳು ಸರಿ ಆಯ್ತಾ ಅಂತ ಕೇಳ್ತಿದಾಳೆ."

"ಹಾಕ್ಕೊಂಡಿಲ್ಲ. ಮನೇಲಿ ಮೊಳೆಗೆ ನೇತಾಕಿದೆ."

ತಾಯಿಗೆ ಕೋಪ ಬಂತು. ಅನುವಾದ ಬೇಕಿರಲಿಲ್ಲ, ಆದರೂ ಅವನು ಮಾಡಿದ. "ನಾನು ಅಳತೆ ತಗೊಂಡಿದ್ದು ನಿಂದು, ಮೊಳೇದಲ್ಲ ಅಂತಾಳೆ. ಆ ಎರಡು ವರ್ಷದ ತಡೆ ಮುಗಿದ್ಮೇಲೆ ಹಾಕ್ಕೊಂಡು ತೋರಿಸ್ಬೇಕಂತೆ. ಇಲ್ಲಾಂದ್ರೆ ಹೊಲಿಗೆ ಬಿಚ್ಚಿ ಕಳಿಸು ಅಂತಿದಾಳೆ."

ಅವಳು ಅಳುತ್ತಲೇ ತಲೆಯಾಡಿಸಿದಳು. ಕರೆ ಮುಗಿಯಿತು.

*

ಸಂಜೆ ಅಂಗಡಿ ಬಿಟ್ಟು ಬಂದಾಗ ಅವನು ಬಸ್ ನಿಲ್ದಾಣದಲ್ಲಿದ್ದ. ಅದೇ ನಂಬರಿನ ಬಸ್ಸು ಬಂತು. ಅವಳು ಕಿಟಕಿಯ ಪಕ್ಕ ಕೂತಳು. ಅಭ್ಯಾಸದಂತೆ ಕಿವಿ ಹಿಂದಿನ ಸೀಟಿನ ಕಡೆಗಿತ್ತು.

ಅವನು ಬಂದು ಪಕ್ಕದಲ್ಲಿ ಕೂತ.

"ಬೆಳಿಗ್ಗೆ ಮೇಡಂ ಫೈಲು ಮುಚ್ಚಿದ್ರು," ಎಂದ. "ಅಮ್ಮ ಬರಲ್ಲ ಅಂತ ಬರೆದುಕೊಟ್ಟೆ. ಈಗ ಯಾವ ನಿಯಮಾನೂ ಇಲ್ಲ."

*ಗೆದ್ದು ಮುಗೀಲಿ ಅಂತ ಬೇಡಿಕೊಂಡಿದ್ದೆ... ಹೀಗಲ್ಲ!* ಅವಳು ಎರಡು ಕೈಯನ್ನೂ ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡಳು.

"ನೀವು ಇಲ್ಲಿ ಯಾಕೆ ಕೂತ್ರಿ?"

"ಕ್ಷಮಿಸಿದೀನಿ ಅಂತ ಹೇಳೋಕಲ್ಲ. ಅದು ಇನ್ನೂ ಆಗಿಲ್ಲ. ಯಾವಾಗ ಆಗುತ್ತೆ ಅಂತ ನನಗೂ ಗೊತ್ತಿಲ್ಲ." ಅವನು ಎದುರಿನ ಸೀಟನ್ನೇ ನೋಡುತ್ತಿದ್ದ. "ಆದ್ರೆ ಆ ಅಫಿಡವಿಟ್‌ನ ಒಂದು ವರ್ಷದಿಂದ ಜೇಬಲ್ಲಿ ಇಟ್ಕೊಂಡು ಓಡಾಡ್ತಿದೀನಿ. 'ಮಗ ಎರಡು ಸಲ ಹೇಳಿದ್ದರು, ನಾನು ಕೇಳಲಿಲ್ಲ' ಅಂತ ಬರೆದಿದೀರಲ್ಲ... ಸನ್ನದು ಹೋಗುತ್ತೆ ಅಂತ ಗೊತ್ತಿದ್ದೂ ಬರೆದ್ರಿ. ಅದನ್ನ ಓದಿದಾಗಲೆಲ್ಲ ಸಿಟ್ಟೂ ಬರುತ್ತೆ, ನೀವೂ ನೆನಪಾಗ್ತೀರಿ. ಎರಡನ್ನೂ ಹೊತ್ಕೊಂಡು ಒಬ್ಬನೇ ಇರೋಕೆ ಆಗ್ತಿಲ್ಲ."

"ನನಗೂ ಆಗ್ತಿಲ್ಲ," ಎಂದಳು ಅವಳು. ದನಿ ಒಡೆಯಿತು. "ನಿಮ್ಮನ್ನ ಪ್ರೀತಿಸ್ತೀನಿ. ಆವಾಗಲೂ ಪ್ರೀತಿಸ್ತಿದ್ದೆ. ಆದ್ರೂ ನಿಮ್ಮ ಕಡೆ ಕೈ ತೋರಿಸಿದೆ. ಎರಡೂ ನಿಜ."

ಎರಡು ನಿಲ್ದಾಣ ಹೋಯಿತು. ಮೂರನೆಯದರಲ್ಲಿ ಅವನ ಕೈ ಮೆಲ್ಲಗೆ ಬಂದು ಅವಳ ಕೈಯ ಮೇಲೆ ಕೂತಿತು. ಎಣ್ಣೆಯ ವಾಸನೆ. ಅವಳು ತಲೆಯನ್ನು ಅವನ ಭುಜಕ್ಕೆ ಒರಗಿಸಿದಳು. ಇಬ್ಬರೂ ಅಳುತ್ತಿದ್ದರು. ಎದುರಿಗಿದ್ದ ಮುದುಕ ನಯವಾಗಿ ಬೇರೆ ಕಡೆ ನೋಡಿದ.

"ನಿಮಗೆ ಯಾವತ್ತಿಂದ?" ಅವಳು ಪಿಸುಗುಟ್ಟಿದಳು.

"ಏನು?"

"ನಾನು... ಇಷ್ಟ ಆಗಿದ್ದು."

ಅವನು ಯೋಚಿಸಿದ. "ಸುಮಾರು... ಆ ಸ್ಟೇಪ್ಲರ್ ಕೆಟ್ಟ ವಾರ ಇರಬೇಕು. ಅದಕ್ಕೂ ಮೊದಲೇನೋ. ತಾರೀಕು ನೆನಪಿಲ್ಲ." ಆಮೇಲೆ, ಮೊದಲ ಸಲ ಬಹುವಚನ ಬಿಟ್ಟು ಕೇಳಿದ, "ಬೇಕೇ ಬೇಕಾ ನಿನಗೆ?"

ಅವಳು ತಲೆಯಾಡಿಸಿದಳು.

"ಬೇಡ," ಎಂದಳು. "ಆ ಜಾಗ ಖಾಲಿ ಇರಲಿ."